ಕುರ್ಚಿಯಲ್ಲಿ ಸಿಕ್ಕಿಕೊಂಡ ಸೋಮವಾರ

ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಬೀದಿಯವರೆಲ್ಲ ಅವನನ್ನು ಸೋಮವಾರ ಎಂದೇ ಕರೆಯುತ್ತಿದ್ದರು. ಯಾವ ಕೆಲಸ ಹೇಳಿದರೂ ‘ಈ ಸೋಮವಾರದಿಂದ ಶುರು’ ಎನ್ನುತ್ತಿದ್ದ. ವರ್ಷಕ್ಕೆ ಐವತ್ತೆರಡು ಸೋಮವಾರಗಳು ಬಂದು, ಅವನನ್ನು ಮಾತಾಡಿಸದೆ ಹೋಗುತ್ತಿದ್ದವು.

ವಯಸ್ಸು ಮೂವತ್ತೊಂಬತ್ತು, ವಾಸ ಅಕ್ಕನ ಮನೆಯಲ್ಲಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಅದರಲ್ಲಿ ಕೆಸರಿನ ಪಾಲನ್ನು ಅವನು ಧಾರಾಳವಾಗಿ ಭಾವನಿಗೆ ಬಿಟ್ಟುಕೊಟ್ಟಿದ್ದ. ಭಾವ ಬಸ್ಸು ರಿಪೇರಿ ಮಾಡುವ ಮೆಕ್ಯಾನಿಕ್ಕು.

ಹಾಗಂತ ಸೋಮವಾರನಿಗೆ ಆಸೆಗಳಿರಲಿಲ್ಲವೆಂದಲ್ಲ. ಜೀವನದಲ್ಲಿ ಗೆಲ್ಲುವುದು ಹೇಗೆಂದು ಎಲ್ಲಿ ಭಾಷಣ ನಡೆದರೂ ಮೊದಲ ಸಾಲಿನಲ್ಲಿ ಇವನೇ. ಮನೆಗೆ ಬಂದು ನಡುಮನೆಯಲ್ಲಿದ್ದ ಬೆತ್ತದ ಕುರ್ಚಿಯಲ್ಲಿ ಕುಸಿದು, ಕೇಳಿದ್ದನ್ನೆಲ್ಲ ಅಕ್ಕನಿಗೆ ಒಪ್ಪಿಸುತ್ತಿದ್ದ.

“ನಮ್ಮೊಳಗಿನ ಬೆಂಕಿ ಹೊತ್ಕೋಬೇಕು ಅಕ್ಕ.”

“ಮೊದಲು ಆ ಒಲೆ ಹೊತ್ಸು. ಲೈಟರ್ ಅಲ್ಲೇ ಇದೆ.”

ಹನ್ನೊಂದು ವರ್ಷ ಅವನ ಭಾರ ಹೊತ್ತ ಆ ಕುರ್ಚಿ ಒಂದು ಗುರುವಾರ ಬೆಳಿಗ್ಗೆ ರಾಜೀನಾಮೆ ಕೊಟ್ಟಿತು. ಸೀಟಿನ ಹೆಣಿಗೆ ಚರ್ರೆಂದು ಹರಿದು, ಸೋಮವಾರ ಚೌಕಟ್ಟಿನೊಳಗೆ ಇಳಿದುಹೋದ. ಮಂಡಿ ಗಲ್ಲಕ್ಕೆ ಬಂತು, ಕುಂಡೆ ನೆಲದಿಂದ ಎರಡು ಬೆರಳು ಮೇಲೆ ನಿಂತಿತು. ಕೆಲಸಕ್ಕೆ ಹೊರಟಿದ್ದ ಭಾವ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿದ.

“ಜಾಕ್ ತರ್ಬೇಕಾಗುತ್ತೆ,” ಎಂದು ಹೇಳಿ ಹೋಗಿಯೇಬಿಟ್ಟ.

ಅಕ್ಕ ಕುರ್ಚಿಯ ಕಾಲು ಹಿಡಿದಳು, ಪಕ್ಕದ ಮನೆಯ ಇಸ್ತ್ರಿಯವನು ಇವನ ರಟ್ಟೆ ಹಿಡಿದ. ಹಲ್ಲು ಕೀಳುವ ಹಾಗೆ ಅಲ್ಲಾಡಿಸಿ ಅಲ್ಲಾಡಿಸಿ ಹೊರಗೆಳೆದರು.

“ಇದನ್ನ ಸರಿ ಮಾಡಿಸ್ಕೊಂಡು ಬಾ,” ಎಂದಳು ಅಕ್ಕ. “ಇಲ್ಲಾಂದ್ರೆ ನೀನೂ ಬರ್ಬೇಡ.”

ಕುರ್ಚಿ ಹೆಣೆಯುವ ಅಜ್ಜಿ ಎರಡು ಬೀದಿ ಆಚೆ, ಹಳೇ ಕಟ್ಟಡದ ಮೆಟ್ಟಿಲಿನ ಕೆಳಗೆ ಕೂರುತ್ತಿದ್ದಳು. ಬೆತ್ತದ ಪಟ್ಟಿ ನೆನೆಸಿದ ತಗಡಿನ ತೊಟ್ಟಿ, ಒಂದು ಬಲ್ಬು, ಮೂಲೆಯಲ್ಲಿ ಸೀಟು ಕಳೆದುಕೊಂಡ ಎಂಟು ಕುರ್ಚಿ. ತಲೆ ಎತ್ತಿದರೆ ಮೆಟ್ಟಿಲು ಬಡಿಯುವ ಜಾಗ. ಅವಳ ಬಲಗೈಗೆ ಬಟ್ಟೆ ಸುತ್ತಿತ್ತು.

“ಮಣಿಕಟ್ಟು ಊದಿದೆ. ವಾಸಿಯಾಗೋಕೆ ತಿಂಗಳಾಗುತ್ತೆ.”

“ಅಕ್ಕ ಮನೆಗೆ ಸೇರ್ಸಲ್ಲ ಅಜ್ಜಿ.”

“ಹಾಗಾದ್ರೆ ನೀನೇ ಹೆಣಿ. ನಾನು ಹೇಳ್ಕೊಡ್ತೀನಿ.”

“ಸೋಮವಾರದಿಂದ ಬರ್ಲಾ?”

“ಕುರ್ಚಿ ಇವತ್ತು ಬಂದಿದೆ,” ಎಂದು ಅಜ್ಜಿ ಕಾಲಿನಿಂದ ಮಣೆ ತಳ್ಳಿದಳು.

ಚೌಕಟ್ಟಿನ ತೂತುಗಳಿಗೆ ಪಟ್ಟಿ ಪೋಣಿಸಿ, ಜಾರದಂತೆ ಗೂಟ ಬಡಿದು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಎಳೆಯಬೇಕು. ಸೋಮವಾರ ಎರಡು ದಿನ ಬೆವರಿ ಅರ್ಧ ಸೀಟು ಎಳೆದ. ಅಜ್ಜಿ ಬಗ್ಗಿ ನೋಡಿ, ಎಡಗೈಯಲ್ಲಿ ಕತ್ತರಿ ತೆಗೆದುಕೊಂಡು ಅಷ್ಟನ್ನೂ ಕತ್ತರಿಸಿ ಹಾಕಿದಳು.

“ಚೆನ್ನಾಗೇ ಇತ್ತಲ್ಲ?”

“ಇತ್ತು. ಪಟ್ಟಿಯ ಒರಟು ಮೈ ಮೇಲಿತ್ತು. ಕೂತೋರ ಪ್ಯಾಂಟು ಹರಿದು, ಅವ್ರು ನನ್ನ ಹತ್ರ ಜಗಳಕ್ಕೆ ಬರ್ತಿದ್ರು.”

ಇನ್ನೂ ಮೂರು ಸಲ ಕತ್ತರಿ ಆಡಿತು. ಬೆರಳುಗಳಲ್ಲಿ ಚರ್ಮಕ್ಕಿಂತ ಪ್ಲಾಸ್ಟರೇ ಹೆಚ್ಚಾಯಿತು. ಒಮ್ಮೆ ಅವನು “ಅಜ್ಜಿ, ಗುರಿ ಅನ್ನೋದು” ಎಂದು ಶುರು ಮಾಡಿದ. “ಬಾಯಿ ಮುಚ್ಕೊಂಡು ಮೂರನೇ ತೂತು ನೋಡು,” ಎಂದಳು ಅವಳು. ನೋಡಿದ. ಮೂರನೇ ತೂತು ತಪ್ಪಿತ್ತು.

ಒಂಬತ್ತನೇ ದಿನ ಓರೆ ಎಳೆಗಳ ಸರದಿ ಬಂತು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಪಟ್ಟಿ ನುಸುಳಿಸುತ್ತ ಹೋದಂತೆ, ಚೌಕಚೌಕವಾಗಿದ್ದ ಕಿಂಡಿಗಳೆಲ್ಲ ಮೂಲೆ ಕಳೆದುಕೊಂಡು ಎಂಟು ಮೂಲೆಯ ಹೂವಿನಂತಾಗತೊಡಗಿದವು. ಸೋಮವಾರನಿಗೆ ತನ್ನ ಕೈಯನ್ನೇ ನಂಬಲಾಗಲಿಲ್ಲ. ಇನ್ನೊಂದು ಸಾಲು, ಇನ್ನೊಂದೇ ಸಾಲು ಎನ್ನುತ್ತ ಹೋದ. ತಲೆಯೆತ್ತಿದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಊಟ ಮರೆತದ್ದು ಅವನ ಜೀವನದಲ್ಲಿ ಅದೇ ಮೊದಲು. ಗಾಬರಿಯಾಗಿ ಹೊಟ್ಟೆ ಮುಟ್ಟಿ ನೋಡಿಕೊಂಡ.

ಹನ್ನೆರಡನೇ ದಿನ ಕುರ್ಚಿ ಮನೆಗೆ ಬಂತು. ಭಾವ ಅದನ್ನು ಎಂಜಿನ್ನಿನಂತೆ ತಿರುಗಿಸಿ ನೋಡಿ, ಅದರಲ್ಲೇ ಕೂತ. ಮರುದಿನ ಬೆಳಿಗ್ಗೆ ಸೋಮವಾರ ಮತ್ತೆ ಚಪ್ಪಲಿ ಮೆಟ್ಟಿದ.

“ಎಲ್ಲಿಗೆ?” ಅಕ್ಕನಿಗೆ ಅನುಮಾನ. “ಕುರ್ಚಿ ಆಯ್ತಲ್ಲ?”

“ಇನ್ನೂ ಎಂಟಿವೆ ಅಕ್ಕ ಅಲ್ಲಿ. ಬಾಯಿ ಬಿಟ್ಕೊಂಡು ಬಿದ್ದಿವೆ. ಕಣ್ಣಿಗೆ ಕಟ್ಟಿದ ಹಾಗಾಗಿದೆ.”

ಅಕ್ಕ ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಹಾಗೆ ಹೋದವನು ನಾಲ್ಕು ವರ್ಷದಿಂದ ಹೋಗುತ್ತಲೇ ಇದ್ದಾನೆ. ಅವನೇನೂ ಋಷಿಯಾಗಲಿಲ್ಲ. ಸೊಂಟ ಹಿಡಿಯುತ್ತದೆ, ಮೆಟ್ಟಿಲಿಗೆ ವಾರಕ್ಕೊಮ್ಮೆ ತಲೆ ಬಡಿಯುತ್ತದೆ, ಅವಸರದ ಗಿರಾಕಿಗಳನ್ನು ಬೈಯುತ್ತಾನೆ. ಅಜ್ಜಿಯ ಮಣಿಕಟ್ಟು ಇಳಿದಿದೆ, ಕತ್ತರಿ ಬಲಗೈಗೆ ಮರಳಿದೆ. ಆದರೂ ಸಂಜೆ ಕೈ ತೊಳೆದು, ಮುಗಿದ ಸೀಟಿನ ಮೇಲೆ ಅಂಗೈ ಆಡಿಸುವಾಗ ಮಗುವಿನ ಬೆನ್ನು ಸವರುವವನ ಮುಖ ಅವನದು.

ಮೊನ್ನೆ ಗ್ರಂಥಾಲಯದ ಇಪ್ಪತ್ತನಾಲ್ಕು ಕುರ್ಚಿಗಳನ್ನು ಒಬ್ಬನೇ ಹೆಣೆದು ಮುಗಿಸಿ, ತಲುಪಿಸಿ ಬಂದ. ಯಾರಾದರೂ ಒಂದು ಒಳ್ಳೆ ಮಾತಾಡಲಿ ಎಂದು ಓದುವ ಕೋಣೆಯ ಕಂಬಕ್ಕೆ ಒರಗಿ ಒಂದು ಗಂಟೆ ಕಾದಿದ್ದ.

“ಏನಂದ್ರು?” ಕೇಳಿದಳು ಅಜ್ಜಿ.

“ಏನೂ ಅನ್ಲಿಲ್ಲ. ಸೀಟಿನ ಕಡೆ ನೋಡ್ಲೂ ಇಲ್ಲ. ಇಪ್ಪತ್ತಮೂರು ಜನ ಕೂತಲ್ಲೇ ನಿದ್ದೆ ಹೋದ್ರು.”

“ಇನ್ನೊಬ್ರು?”

“ಅವರೊಬ್ರು ಪೇಪರ್ ಓದ್ತಿದ್ರು.”

“ನಾಳೆ ಹೋಗಿ ಅವರ ಸೀಟು ನೋಡು,” ಎಂದಳು.

ಹೋಗಿ ನೋಡಿದ. ಎಡಗಡೆಯ ಮೂಲೆಯಲ್ಲಿ ನಿಜವಾಗಿಯೂ ಒಂದು ಎಳೆ ಸಡಿಲವಿತ್ತು.