ಹಿಲರಿ ಬೆಂಕಿ ತೆಗೆದ ಮಧ್ಯಾಹ್ನ

ಇಪ್ಪತ್ತಾರು ವರ್ಷದಿಂದ ಹಿಲರಿ ಪಾಗ್ಸನ್ ಗಂಡ ಕ್ಲೈವ್‌ನ ಹಬೆದೋಣಿಗೆ ಕಲ್ಲಿದ್ದಲು ಹಾಕುತ್ತಿದ್ದಳು. ಚುಕ್ಕಾಣಿ ಕ್ಲೈವ್‌ನದು, ಸಿಳ್ಳೆಯ ಹಗ್ಗ ಕ್ಲೈವ್‌ನದು, ದಡದವರ ಚಪ್ಪಾಳೆಯೂ ಅವನದೇ. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಮೇಲಾದರೂ ಒಲೆಯ ಸಹವಾಸ ತಪ್ಪೀತು ಅಂದುಕೊಂಡಿದ್ದಳು. ತಪ್ಪಲಿಲ್ಲ.

ಇಂಗ್ಲೆಂಡಿನ ಲಿಂಕನ್ ಪಟ್ಟಣದ ಬಳಿ, ರೋಮನ್ನರು ತೋಡಿಸಿದ್ದೆನ್ನುವ ಫಾಸ್‌ಡೈಕ್ ಕಾಲುವೆಯಲ್ಲಿ ಆ ಆಗಸ್ಟಿನ ಮಧ್ಯಾಹ್ನ ಹವ್ಯಾಸಿಗಳ ಹದಿನಾಲ್ಕು ಹಬೆದೋಣಿಗಳು ವರ್ಷದ ಮೆರವಣಿಗೆಗೆ ಸಾಲಾಗಿ ಹೊರಟಿದ್ದವು. ಸ್ಯಾಕ್ಸಿಲ್ಬಿ ಹಳ್ಳಿಯ ಸೇತುವೆ ಹತ್ತಿರವಾದಾಗ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಇಳಿಯುತ್ತಿರುವುದು ಹಿಲರಿಯ ಕಣ್ಣಿಗೆ ಬಿತ್ತು. ಪಂಪು ತಿರುಗುತ್ತಿತ್ತು, ನೀರು ಒಳಗೆ ಹೋಗುತ್ತಿರಲಿಲ್ಲ. ಕೈಪಂಪು ಒತ್ತಿದಳು. ಅದೂ ಕಟ್ಟಿಕೊಂಡಿತ್ತು.

“ಕ್ಲೈವ್, ನೀರು ಹೋಗ್ತಿಲ್ಲ. ದಡಕ್ಕೆ ತಗೋ.”

“ಸೇತುವೆ ದಾಟ್ಲಿ ಇರು. ಫೋಟೋ ತೆಗೀತಿದಾರೆ.”

“ಫೋಟೋ ಮನೆ ಹಾಳಾಗ. ಗಾಜಲ್ಲಿ ಒಂದು ಬೆರಳು ನೀರೂ ಇಲ್ಲ.”

“ನಿಂಗೆ ಎಲ್ಲದಕ್ಕೂ ಗಾಬರಿ,” ಎಂದು ಅವನು ಟೋಪಿ ಎತ್ತಿ ಸೇತುವೆ ಮೇಲಿನವರತ್ತ ಬೀಸಿದ.

ಹಿಲರಿ ಎಂಜಿನ್ನಿಗೆ ಹೋಗುವ ಹಬೆಯ ತಿರುಪು ಮುಚ್ಚಿ, ಒಲೆಯ ಬಾಗಿಲು ತೆರೆದು, ಕೆಂಡವನ್ನೆಲ್ಲ ಕಬ್ಬಿಣದ ಬಕೀಟಿಗೆ ಗೋರಿದಳು. ಮಣಿಕಟ್ಟು ಸುಟ್ಟಿತು. ದೋಣಿ ಸರಿಯಾಗಿ ಸೇತುವೆಯ ಕೆಳಗೇ ನಿಂತುಹೋಯಿತು. ಹಿಂದಿನ ದೋಣಿಗಳು ಒಂದೊಂದಾಗಿ ಸಿಳ್ಳೆ ಹೊಡೆಯತೊಡಗಿದವು.

“ಎಲ್ಲರ ಮುಂದೆ ನನ್ನ ಮಾನ ಕಳೆದೆಯಲ್ಲ.”

“ಬಾಯ್ಲರು ಸಿಡಿದಿದ್ರೆ ಮಾನ ಹುಡುಕೋಕೆ ನೀನೇ ಇರ್ತಿರ್ಲಿಲ್ಲ.”

ಹಗ್ಗ ಹಾಕಿ ದಡಕ್ಕೆಳೆದಾಗ ರೈಲು ಓಡಿಸಿ ಮುದುಕನಾದ ಆರ್ಥರ್ ಬ್ರಾಕನ್‌ಬರಿ ಬಗ್ಗಿ ನೋಡಿದ. “ಈಯಮ್ಮ ಬೆಂಕಿ ತೆಗೀದಿದ್ರೆ ಇಷ್ಟೊತ್ತಿಗೆ ನಿನ್ನ ದೋಣಿ ಇರ್ತಿರ್ಲಿಲ್ಲ ಕಣಯ್ಯ,” ಅಂದ. ಕ್ಲೈವ್ ಹೌದೆಂದು ತಲೆಯಾಡಿಸಿದ.

ಹಿಲರಿ ಕೈಯನ್ನು ತಣ್ಣೀರಲ್ಲಿ ಅದ್ದಿಕೊಂಡು ಕೂತಿದ್ದಾಗ, ಚಹಾದ ಡೇರೆಯಿಂದ ಅವನ ದನಿ ಕೇಳಿಸಿತು: “ಪಂಪು ಕೈಕೊಟ್ತು. ನೋಡಿದವನೇ ಬೆಂಕಿ ತೆಗೆಸಿಬಿಟ್ಟೆ.”

ಎದ್ದು ಹೋಗಿ ನಾಲ್ಕು ಮಾತಾಡಬೇಕೆನಿಸಿತು. ಯಾರಿಗೆಂದು ಹೇಳುವುದು? ಮಸಿಯಾದ ಬಟ್ಟೆಯಲ್ಲೇ ಒಬ್ಬಳೇ ಮನೆಗೆಂದು ಲಿಂಕನ್ ಬಸ್ಸು ಹತ್ತಿದಳು.

ಮರುವರ್ಷ ಮೇ ತಿಂಗಳಲ್ಲಿ ಕ್ಲೈವ್ ಮೆಲ್ಲಗೆ ಕೇಳಿದ. “ಈ ಸಲ ಬರ್ತೀಯ ತಾನೆ?”

“ಚುಕ್ಕಾಣಿ ನಂಗೆ ಕೊಟ್ರೆ ಬರ್ತೀನಿ. ಒಲೆ ನೀನು ನೋಡ್ಕೋ.”

“ಯೋಚನೆ ಮಾಡ್ತೀನಿ,” ಅಂದ.

ಆಗಸ್ಟು ಬಂತು, ಹೋಯಿತು. ದೋಣಿ ಕೊಟ್ಟಿಗೆಯಲ್ಲಿ ಟಾರ್ಪಾಲಿನಡಿ ಮಲಗಿತ್ತು. ಅದು ನೀರಿಗಿಳಿಯಲೆಂದು ಹಿಲರಿಗೂ ಆಸೆಯಿತ್ತು. ಕ್ಲೈವ್ ಮಾತ್ರ ಇನ್ನೂ ಯೋಚಿಸುತ್ತಲೇ ಇದ್ದ.