ಹುಂಜದ ಗರಿಯ ಗಾಳ

ಮೀನಿಗೆ ಅಂದಚಂದ ತಿಳಿಯುತ್ತದೆಯೇ ಎಂಬ ಪ್ರಶ್ನೆ ನಿಮ್ಮನ್ನು ಎಂದಾದರೂ ಕಾಡಿದೆಯೋ ಇಲ್ಲವೋ. ಮದುವೆಯಾದ ಹೊಸತರಲ್ಲಿ ನನಗೆ ಅದೇ ಚಿಂತೆ. ರಾಜಾಜಿನಗರದಲ್ಲಿ ಕಾರ್ಖಾನೆಗಳು ಆಗತಾನೆ ಏಳುತ್ತಿದ್ದವು. ಅಂಥದೊಂದರಲ್ಲಿ ನಾನು ಗುಮಾಸ್ತ. ಭಾನುವಾರ ಬಂದರೆ ಗಾಳ ಹಿಡಿದು ಕೆರೆ ದಂಡೆಯಲ್ಲಿ ಕೂರುವ ಸಹೋದ್ಯೋಗಿಗಳ ಗುಂಪಿಗೆ ನಾನೂ ಸೇರಿಕೊಂಡಿದ್ದೆ.

ಎರೆಹುಳು ಚುಚ್ಚುವುದು ಹಳೆಯ ಕಾಲದವರ ಕೆಲಸವೆಂದು ನಮ್ಮ ಗುಂಪು ತೀರ್ಮಾನಿಸಿಬಿಟ್ಟಿತ್ತು. ಹೊಸ ಗಾಳವೆಂದರೆ ಕೊಕ್ಕೆಯ ತಲೆಗೆ ಸೀಸದ ಗುಂಡು, ಗುಂಡಿಗೆ ಬಣ್ಣ, ಹಿಂದೆ ರೇಷ್ಮೆ ದಾರದ ಕುಚ್ಚು. ನೀರಿನಲ್ಲಿ ಕುಣಿಸುತ್ತಾ ಎಳೆದರೆ ಕಪ್ಪೆಮರಿಯೆಂದು ನಂಬಿ ಕೊರವ ಮೀನು ಹಾರಿ ಕಚ್ಚಬೇಕು. ಒಂದು ತಿಂಗಳು ಉದ್ದ ಕುಚ್ಚು, ಮರುತಿಂಗಳು ಗಿಡ್ಡ ಕುಚ್ಚು. ಸೀರೆಯ ಫ್ಯಾಷನ್ ಕೂಡ ಇಷ್ಟು ಬೇಗ ಬದಲಾಗುತ್ತಿರಲಿಲ್ಲ. ನನ್ನ ಹೆಂಡತಿ ಜಯಮ್ಮನಿಗಂತೂ ಈ ಹುಚ್ಚು ನನಗಿಂತ ಜೋರಾಗಿ ಹಿಡಿಯಿತು. ಕುಚ್ಚು ಕಟ್ಟುವವಳೂ ಅವಳೇ, ಗುಂಡಿಗೆ ಕಣ್ಣು ಬರೆಯುವವಳೂ ಅವಳೇ. ನಮ್ಮ ಹಳೆಯ ಕವಿಗಳು ಹೆಣ್ಣಿನ ಕಣ್ಣನ್ನು ಮೀನಿಗೆ ಹೋಲಿಸಿ ಹೋಲಿಸಿ ಸುಸ್ತಾದರು. ಮೀನು ಹಿಡಿಯಲು ಹೆಣ್ಣಿನ ಕಣ್ಣನ್ನೇ ಬರೆದವಳು ಇವಳೊಬ್ಬಳೇ ಇರಬೇಕು. ಕಪ್ಪೆಗೆ ರೆಪ್ಪೆಗೂದಲು ಯಾಕೆ ಎಂದು ಕೇಳಿದರೆ, "ಚೆನ್ನಾಗ್ ಕಾಣ್ಬೇಡ್ವಾ?" ಎಂದಳು.

ಆ ಯುಗಾದಿಗೆ ಮಲ್ಲತ್ತಹಳ್ಳಿಯ ಮಾವನ ಮನೆಗೆ ಹೋದಾಗ ನಾನು ಬಾಯಿ ಬಿಟ್ಟು ಕೆಟ್ಟೆ. ಹಬ್ಬದ ಮರುದಿನ ಹೊಸತೊಡಕು. ಅಂದು ಬಾಡೂಟವಿಲ್ಲದ ಮನೆ ಆ ಸೀಮೆಯಲ್ಲೇ ಇಲ್ಲ. ಊರವರು ಸೇರಿ ಕುರಿ ಕೊಯ್ದು ಮನೆಗೊಂದು ಪಾಲಿನಂತೆ ಗುಡ್ಡೆ ಹಾಕುತ್ತಾರೆ. ಮೊದಲೇ ಹೆಸರು ಹೇಳಿದವರಿಗಷ್ಟೇ ಗುಡ್ಡೆ.

"ಈ ಸಲ ಗುಡ್ಡೆ ಬೇಡ ಮಾವ, ಕೆರೆ ಮೀನೇ ಸಾರು ಮಾಡೋಣ, ನಾನ್ ಹಿಡೀತೀನಿ" ಎಂದೆ.

ಎರೆಹುಳು ಚುಚ್ಚುತ್ತಲೇ ಕೂದಲು ಹಣ್ಣಾದ ಮಾವ ನನ್ನ ಗಾಳಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆಗ್ಲಿ ಬಿಡಿ ಅಳಿಯಂದ್ರೇ" ಎಂದು ಗುಡ್ಡೆಯಿಂದ ಹೆಸರು ತೆಗೆಸಿಯೇಬಿಟ್ಟರು. ಹೊಸ ಅಳಿಯನ ಮಾನವೆಲ್ಲ ಈಗ ಕೆರೆಯ ಪಾಲಾಗಿತ್ತು.

ಆ ತಿಂಗಳ ಫ್ಯಾಷನ್ ಹುಂಜದ ಬಾಲದ ಗರಿ. ಯುಗಾದಿಯ ಸಂಜೆ ಜಯಮ್ಮ ಹಿತ್ತಲಿನಿಂದ ಕಪ್ಪಗೆ, ಹಸಿರಾಗಿ ಮಿಂಚುವ ಗರಿಗಳನ್ನು ಸೆರಗಿನಲ್ಲಿ ತಂದು ಸುರಿದಳು. ಇಬ್ಬರೂ ಕೂತು ಕಟ್ಟಿದೆವು. ನೀರಿಗೆ ಎಸೆಯಲು ಮನಸ್ಸೇ ಬಾರದಷ್ಟು ಚೆಂದದ ಗಾಳಗಳಾದವು.

ಬೆಳಗ್ಗೆ ಎಸೆದೆ. ಕೊರವ ಮೀನುಗಳು ಬಂದವು, ಇಲ್ಲವೆನ್ನಲಾರೆ. ಜವಳಿ ಅಂಗಡಿಯಲ್ಲಿ ಸೀರೆಯನ್ನೆಲ್ಲ ಬಿಚ್ಚಿಸಿ ನೋಡಿ ಎದ್ದು ಹೋಗುವವರಂತೆ ನೋಡಿಕೊಂಡು ಹೋದವು. ಬಿಸಿಲೇರಿತು. ಬರಿಗೈಯಲ್ಲಿ ಊರೊಳಕ್ಕೆ ನಡೆದರೆ ಮನೆಮನೆಯಿಂದಲೂ ಮಸಾಲೆಯ ವಾಸನೆ. ಆ ದಿನ ಹಸಿವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಹಿತ್ತಲಲ್ಲಿ ಅತ್ತೆ ಹುಂಜವೊಂದನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು. ಅದಕ್ಕೆ ಬಾಲವೇ ಇರಲಿಲ್ಲ.

"ಊರಮ್ಮನಿಗೆ ಹರಕೆ ಬಿಟ್ಟಿದ್ದ ಹುಂಜ ಕಣೇ ಇದು. ಬಾಲ ಎಲ್ಲೇ?" ಎಂದು ಮಗಳನ್ನು ಕೇಳುತ್ತಿದ್ದರು.

ಮಗಳ ಸಂಸಾರ ಚೆನ್ನಾಗಿರಲೆಂದು ಮದುವೆಯಾದ ಮೇಲೆ ಹೊತ್ತ ಹರಕೆ. ಮಗಳಿಗೆ ಅದರ ಸುದ್ದಿಯೇ ಗೊತ್ತಿಲ್ಲ. ಜಯಮ್ಮ ನನ್ನ ಗಾಳದತ್ತ ನೋಡಿದಳು. ಅತ್ತೆಯೂ ನೋಡಿದರು. ಆಮೇಲೆ ನನ್ನ ಖಾಲಿ ಬುಟ್ಟಿ ನೋಡಿದರು, ಹುಂಜವನ್ನು ನೋಡಿದರು, ನಕ್ಕುಬಿಟ್ಟರು.

"ಊನ ಆಗಿರೋದು ದೇವರಿಗೆ ಆಗಲ್ಲ. ಅಮ್ಮನಿಗೆ ಬೇರೆ ಮರಿ ಬಿಡ್ತೀನಿ. ಇದು ಇನ್ನು ನಮ್ಗೇ. ಹೆಂಗೂ ಮಸಾಲೆ ಅರ್ದಾಗಿದೆ."

ಮುದ್ದೆ, ಹುಂಜದ ಸಾರು. ಮಾವ ಒಂದು ಕಾಲನ್ನು ಎತ್ತಿ ಹಿಡಿದು, "ನಮ್ ಅಳಿಯಂದ್ರು ಹಿಡಿದ ಮೀನಿಗೆ ಕಾಲೂ ಇದೆ ನೋಡ್ರಪ್ಪ" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ಆ ಮನೆಯವನಾದೆ ಎಂದು ನನಗೆ ಮೊದಲು ಅನ್ನಿಸಿದ್ದು ಆ ಊಟದಲ್ಲೇ.

ಊಟವಾದ ಮೇಲೆ ಎಲೆ ಅಡಿಕೆ ಜಗಿಯುತ್ತಾ ಮಾವ ಜಗಲಿಗೆ ಬಂದರು. ಅಕ್ಕಪಕ್ಕ ನೋಡಿ ದನಿ ತಗ್ಗಿಸಿ, "ಆ ಗರಿದು ಒಂದು ನಂಗೂ ಕೊಡ್ತೀರಾ?" ಎಂದರು.

"ಅದಕ್ಕೆ ಮೀನು ಬೀಳಲ್ವಲ್ಲ ಮಾವ."

"ಬೀಳ್ದಿದ್ರೆ ಹೋಗ್ಲಿ ಬಿಡಿ. ಎಷ್ಟ್ ಚೆನ್ನಾಗದೆ."

ಅದನ್ನು ರುಮಾಲಿಗೆ ಸಿಕ್ಕಿಸಿಕೊಂಡು ಊರ ಮಧ್ಯದಲ್ಲೇ ಹಾದುಹೋದರು. ಮೀನಿಗೆ ಅಂದಚಂದ ತಿಳಿಯುತ್ತದೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆ ಗಾಳಕ್ಕೆ ಮಾವ ಬಿದ್ದದ್ದನ್ನು ಮಾತ್ರ ನಾನೂ ಜಯಮ್ಮನೂ ಕಣ್ಣಾರೆ ಕಂಡೆವು.