ಬಾನೆಟ್ಟಿನೊಳಗಿನ ಬೂದಿ

ದೀಪಾವಳಿ ಪಾಡ್ಯದ ದಿನ ಊಟಕ್ಕೆ ಕುಳಿತಾಗ ಅಣ್ಣ, ಹೋಳಿಗೆಯ ಮೇಲೆ ತುಪ್ಪ ಬೀಳುವುದನ್ನೇ ನೋಡುತ್ತ, "ಹಬ್ಬ ಮುಗೀಲಿ, ಆ ಮೋಟಾರ್ ಮೋಡಕಾದವಗ ಕೊಟ್ಟಬಿಡ್ತೇನಿ. ಟ್ರ್ಯಾಕ್ಟರ್ ನಿಂದರಸಾಕ ಜಾಗಾ ಇಲ್ಲ" ಎಂದ. ಮೋಡಕಾದವನೆಂದರೆ ಹಳೆ ಕಬ್ಬಿಣ ತೂಗಿ ಒಯ್ಯುವವನು. ಮೋಟಾರ್ ಎಂದರೆ ನಮ್ಮ ಅಪ್ಪನ ಕಾರು.

ಅದು ನಿಜಾಮರ ಆಳ್ವಿಕೆ ಮುಗಿಯುವ ಹೊತ್ತಿಗೆ ಯಾರೋ ಅಧಿಕಾರಿ ತರಿಸಿಕೊಂಡಿದ್ದ ಗಾಡಿ. ಕೈಯಿಂದ ಕೈಗೆ ದಾಟಿ ಅಪ್ಪನಿಗೆ ಸಿಕ್ಕಿತ್ತು. ಆಳಂದದಲ್ಲಿ ಎಲ್ಲರೂ ಅದನ್ನು 'ವಿಲಾಯ್ತಿ' ಎನ್ನುತ್ತಿದ್ದರು. ಮನೆಗೆ ನಾನು ಕಿರಿಯವಳು, ಅಣ್ಣನಿಗಿಂತ ಹದಿನೈದು ವರ್ಷ ಚಿಕ್ಕವಳು. ಅಪ್ಪ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಫಜಲಪುರದವರೆಗೆ ಸುತ್ತಿಸಿದ್ದ. ಕಾಲು ಪೆಡಲಿಗೆ ಎಟುಕಿದ ವರ್ಷವೇ ಓಡಿಸುವುದನ್ನು ಕಲಿಸಿದ್ದ, ರಿಪೇರಿ ಮಾಡುವಾಗ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ. ಅಪ್ಪ ತೀರಿಕೊಂಡಾಗ ನಾನು ಜೇವರ್ಗಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಏಳೆಂಟು ವರ್ಷದ ಮೇಲೆ, ಎಂಬತ್ತರ ದಶಕದ ನಡುವೆ, ಆಳಂದಕ್ಕೆ ವರ್ಗವಾಗಿ ಬಂದಿದ್ದೆ. ಅಷ್ಟು ದಿನವೂ ಕಾರು ತಗಡಿನ ಶೆಡ್ಡಿನಲ್ಲಿ ಹಾಗೇ ನಿಂತಿತ್ತು.

ನನ್ನ ನಾಲಿಗೆ ನನಗಿಂತ ಮೊದಲು ಓಡುತ್ತದೆ. "ಎಳ್ಳಮಾವಾಸಿಗೆ ಅದು ತನ್ನ ಗಾಲಿಮ್ಯಾಲ ಹೊಲಕ್ಕ ಬರ್ತದ. ಬರಲಿಲ್ಲಂದ್ರ ನಾನಾ ಹಗ್ಗ ಕಟ್ಟಿ ಎಳಕೊಂಡು ಹೋಗಿ ಮೋಡಕಾದವಗ ಕೊಡ್ತೇನಿ" ಎಂದುಬಿಟ್ಟೆ.

"ಕಬೂಲ್?" ಅಂದ ಅಣ್ಣ.

"ಕಬೂಲ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೀಪಾವಳಿ ಅಮಾವಾಸ್ಯೆಗೂ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಬೆಳೆ ಪೂಜಿಸುವ ಎಳ್ಳಮಾವಾಸ್ಯೆಗೂ ನಡುವೆ ಇರುವುದು ಒಂದೇ ಅಮಾವಾಸ್ಯೆ. ಶಾಲೆ ಬಿಟ್ಟ ಮೇಲಿನ ಸಂಜೆಗಳು ಮತ್ತು ಭಾನುವಾರಗಳು, ಇಷ್ಟೇ ನನ್ನ ಕೈಯಲ್ಲಿದ್ದದ್ದು.

ಮರುದಿನವೇ ಸೆರಗು ಸೊಂಟಕ್ಕೆ ಸಿಗಿಸಿ ಬಾನೆಟ್ ಎತ್ತಿದೆ. ಇಂಜಿನ್ ಕಾಣಲೇ ಇಲ್ಲ. ಅಂಚಿನವರೆಗೆ ಬೂದಿ ತುಂಬಿತ್ತು, ಬೂದಿಯೊಳಗೆ ಒಣಗಿದ ಬೇವಿನ ಸೊಪ್ಪು. ಹೆಂಚಿನ ಮೇಲೆ ಸೀದ ರೊಟ್ಟಿಯಂತೆ ಅಲ್ಲಲ್ಲಿ ಗಟ್ಟಿಯಾಗಿ ಅಂಟಿಕೊಂಡಿತ್ತು.

"ಅವ್ವಾ! ಇದನ್ನ ಯಾರ ಮಾಡ್ಯಾರ?"

ಅವ್ವ ಹೊಸ್ತಿಲಲ್ಲೇ ನಿಂತು, "ನಾನಾ ಮಾಡೇನಿ. ನಿಮ್ಮಪ್ಪ ಹೋದ ಮ್ಯಾಲ ಇಲಿ, ನುಸಿ ಹತ್ತಬಾರದಂತ ಬೂದಿ ಹಾಕಿ ಬೇವಿನ ಸೊಪ್ಪ ತುಂಬೇನಿ. ಜ್ವಾಳಕ್ಕ ಹಾಕೂದಿಲ್ಲೇನು?" ಎಂದಳು.

ನಾನು ನಗಲೋ ಅಳಲೋ ತಿಳಿಯದೆ ನಿಂತೆ. ಬೂದಿ ಜೋಳಕ್ಕೆ ಒಳ್ಳೆಯದು, ಕಬ್ಬಿಣಕ್ಕೆ ಶತ್ರು. ತಗಡು ಸೋರಿ ಮಳೆನೀರು ಬಿದ್ದು ಬೂದಿಯೆಲ್ಲ ಚೌಳಾಗಿತ್ತು. ಬ್ಯಾಟರಿ ಕೂರುವ ತಟ್ಟೆ ಜರಡಿಯಾಗಿತ್ತು. ಕಾರ್ಬ್ಯುರೇಟರಿನ ಮೈಮೇಲೆ ಬಿಳಿಯ ಗುಳ್ಳೆಗಳೆದ್ದಿದ್ದವು. ಇಲಿಯಂತೂ ಬೇವಿಗೆ ಹೆದರಿದ ಹಾಗಿರಲಿಲ್ಲ, ತಂತಿಗಳ ಮೇಲಿನ ಬಟ್ಟೆಯನ್ನೆಲ್ಲ ತಿಂದು ಮರಿ ಹಾಕಿ ಹೋಗಿತ್ತು. ಬೈಯಲು ಬಾಯಿ ತೆರೆದವಳು ಅವ್ವನ ಮುಖ ನೋಡಿ ಮುಚ್ಚಿದೆ. ನಮ್ಮಲ್ಲಿ ತಿನ್ನುವ ಜೋಳಕ್ಕೆ ಹೀಗೆ ಬೂದಿ ಕಲಸುವುದಿಲ್ಲ, ಬಿತ್ತುವ ಜೋಳಕ್ಕೆ ಮಾತ್ರ. ಈ ಗಾಡಿ ಮತ್ತೆ ಓಡುತ್ತದೆಂದು ನಮ್ಮ ಮನೆಯಲ್ಲಿ ನಂಬಿದ್ದವಳು ಅವಳೊಬ್ಬಳೇ. ಅವಳು ಹಾಳು ಮಾಡಿದ್ದನ್ನು ನಾನು ಸರಿ ಮಾಡಲೇಬೇಕಿತ್ತು.

ಬುಟ್ಟಿ ಬುಟ್ಟಿ ಬೂದಿ ಹೊತ್ತು ತಿಪ್ಪೆಗೆ ಹಾಕಿದೆ. ಗಟ್ಟಿಯಾದದ್ದನ್ನು ಕಳೆ ಕೀಳುವ ಕುರ್ಚಿಗೆಯಿಂದ ಕೆರೆದೆ, ಡೀಸೆಲ್ಲಿನಲ್ಲಿ ನೆನೆಸಿದ ಅರಿವೆಯಿಂದ ಒರೆಸಿದೆ, ತಂತಿಯ ಬ್ರಷ್ಷಿನಿಂದ ತಿಕ್ಕಿದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನಗೆ ಕೈಯೂ ಡೀಸೆಲ್, ತಿಂದ ರೊಟ್ಟಿಯೂ ಡೀಸೆಲ್. ರೇಡಿಯೇಟರಿನ ಹಿತ್ತಾಳೆಯನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ಅವ್ವ ತಾನೇ ತಿಕ್ಕಿದಳು. ತಂಬಿಗೆ ಬೆಳಗುವ ಕೈಗೆ ಅದೇನು ದೊಡ್ಡದು. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಇಣುಕಿ, "ಬಾಯಾರ, ಸಾಲ್ಯಾಗಿನ ನೌಕರಿ ಬಿಟ್ರೇನ್ರಿ?" ಎಂದು ಕೇಳುತ್ತಿದ್ದರು. "ಹೌದ್ರಿ, ನಿಮ್ಮ ಗಂಡನ ಲೂನಾ ಗಾಡಿ ಕೆಟ್ರ ಕಳಸ್ರಿ" ಎನ್ನುತ್ತಿದ್ದೆ.

ಬಸ್ ಸ್ಟ್ಯಾಂಡಿನ ಮಿಸ್ತ್ರಿ ಬಂದು ಟೈರು, ಬ್ರೇಕು ನೋಡಿಕೊಟ್ಟ. ಇಂಜಿನ್ನಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಲು ನೋಡಿದ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. "ಜಾಮ್ ಆಗ್ಯಾದ್ರಿ ಬಾಯಾರ. ಇದು ಖತಂ" ಎಂದು ಕೈ ಒರೆಸಿಕೊಂಡು ಹೋದ. ಅಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ದಿನಾ ಸಂಜೆ ಬಂದು ಅಲ್ಲೇ ಬಾಗಿಲಲ್ಲಿ ನಿಲ್ಲುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಟ್ರ್ಯಾಕ್ಟರನ್ನು ಬಿಚ್ಚಿ ಜೋಡಿಸುವ ಮನುಷ್ಯ, ನಟ್ಟು ಬಿಚ್ಚುವ ಒಂದು ಪಾನಾವನ್ನೂ ಎತ್ತಿ ಕೊಡುತ್ತಿರಲಿಲ್ಲ. ನಾನು ಸೋಲುವುದನ್ನು ನೋಡಲು ಬರುತ್ತಾನೆಂದು ಉರಿದುಕೊಂಡೆ. ಆ ಉರಿಯೂ ಕೆಲಸಕ್ಕೆ ಬಂತು.

ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಿಗೆ ಸೀಮೆಎಣ್ಣೆ, ಇಂಜಿನ್ ಆಯಿಲ್ ಕಲಸಿ ಸುರಿದೆ. ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಇಷ್ಟು ಸುರಿದು, ಹ್ಯಾಂಡಲ್ ಹಿಡಿದು ಮೈಭಾರವೆಲ್ಲ ಹಾಕಿ ಜಗ್ಗಿ ಹೋಗುತ್ತಿದ್ದೆ. ಚಳಿಗೆ ಕಬ್ಬಿಣ ಕೈ ಕಚ್ಚುತ್ತಿತ್ತು. ನಡುವಿನ ಅಮಾವಾಸ್ಯೆ ಬಂದು ಹೋಯಿತು. ಅಪ್ಪ ಕೊಟ್ಟ ಒಂದನ್ನಾದರೂ ಉಳಿಸಿಕೊಳ್ಳಲಾರೆನೇ ಎಂದು ಬಚ್ಚಲಲ್ಲಿ ಒಬ್ಬಳೇ ಅತ್ತದ್ದೂ ಉಂಟು. ಮುಖ ತೊಳೆದು ಮತ್ತೆ ಹೋಗಿ ಜಗ್ಗಿದೆ. ಒಂದು ಬೆಳಿಗ್ಗೆ ಹ್ಯಾಂಡಲ್ 'ಕಟ್' ಎಂದು ಒಂದು ಗೇಣು ಕೆಳಗಿಳಿಯಿತು. ನಾನು ಅದರ ಜೊತೆಗೇ ಮೊಣಕಾಲೂರಿ ಬಿದ್ದೆ. ನೋವು ಗೊತ್ತಾಗಲಿಲ್ಲ.

ಆಮೇಲೆ ತಂತಿಗಳು. ಸೊಲ್ಲಾಪುರದ ಹಳೆ ಸಾಮಾನಿನ ಬಜಾರಿಗೆ ಬಸ್ಸಿನಲ್ಲಿ ಹೋಗಿ ಹೊಂದುವ ಕಾರ್ಬ್ಯುರೇಟರ್, ನೀರಿನ ಪೈಪು, ಡಿಸ್ಟ್ರಿಬ್ಯೂಟರಿನ ಮುಚ್ಚಳ ತಂದೆ. ಒಂದು ತಂತಿ ಕಿತ್ತರೆ ಅದರ ಜಾಗಕ್ಕೆ ಹೊಸದನ್ನು ಕೂರಿಸುವವರೆಗೆ ಮುಂದಿನದನ್ನು ಮುಟ್ಟುತ್ತಿರಲಿಲ್ಲ. ಇದು ಅಪ್ಪನ ಕಟ್ಟಪ್ಪಣೆ. ಆದರೂ ಹೊಸ ಮುಚ್ಚಳಕ್ಕೆ ಪ್ಲಗ್ಗಿನ ತಂತಿ ಚುಚ್ಚುವಾಗ ಎರಡು ಅದಲುಬದಲಾದವು. ಮೊದಲ ಸಲ ಶುರು ಮಾಡಿದಾಗ ಗಾಡಿ 'ಢಂ' ಎಂದು ಕೆಮ್ಮಿತು, ಪಕ್ಕದ ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಎಮ್ಮೆ ಹಿಡಿದು ತಂದ ಮೇಲೆ ತಂತಿ ಬದಲಿಸಿದೆ. ಇಂಜಿನ್ ಎರಡು ಸಲ ಬಿಕ್ಕಿ, ಆಮೇಲೆ ನೆಟ್ಟಗೆ ಗುರುಗುಟ್ಟತೊಡಗಿತು. ಅವ್ವ ಒಲೆ ಬಿಟ್ಟು ಓಡಿ ಬಂದಳು. ಬಾಗಿಲಲ್ಲಿದ್ದ ಅಣ್ಣ ತಿರುಗಿ ಹೊರಟುಹೋದ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಅಣ್ಣ, ಅತ್ತಿಗೆ, ಆಳುಮಗ ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿಯ ಗಡಿಗೆ ಹೇರಿಕೊಂಡು ಟ್ರ್ಯಾಕ್ಟರಿನಲ್ಲಿ ಮುಂದೆ ಹೋದರು. ನಾನು ಅವ್ವನನ್ನು ಹಿಂದೆ ಕೂರಿಸಿಕೊಂಡು ನರೋಣಾ ರಸ್ತೆ ಹಿಡಿದೆ. ಎತ್ತಿನ ಗಾಡಿಗಳ ಸಾಲಿನ ನಡುವೆ ವಿಲಾಯ್ತಿ ಹೊಗೆ ಬಿಡುತ್ತ ನಡೆಯಿತು. ಜನ ಗಾಡಿ ನಿಲ್ಲಿಸಿ ನೋಡಿದರು. ಹೊಲದ ಬದುವಿನವರೆಗೆ ತನ್ನ ಗಾಲಿಯ ಮೇಲೆಯೇ ಬಂತು. ನನ್ನ ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಪೂಜೆಯಾಯಿತು, ಜೋಳದ ಸಾಲಿನಲ್ಲಿ ಭೂಮಿತಾಯಿಯ ಎಡೆಯೆಂದು ಚರಗ ಚೆಲ್ಲಿದ್ದಾಯಿತು, ಊಟವಾಯಿತು. ಹೊರಡುವ ಹೊತ್ತಿಗೆ ಅಣ್ಣ ಕಾರಿನ ಹತ್ತಿರ ಬಂದು ಕೈ ಚಾಚಿದ. "ಕೀಲಿ ಕೊಡು."

ನನಗೆ ಪಿತ್ತ ನೆತ್ತಿಗೇರಿತು. "ನೀನಾ ಕಬೂಲ್ ಅಂದೀದಿ. ಈಗ ಮಾತ ತಪ್ಪತೀಯೇನು? ಗಾಡಿ ಮೋಡಕಾಕ್ಕ ಹೋಗೂದಿಲ್ಲ."

"ಮೋಡಕಾಕ್ಕ ಅಲ್ಲಬೇ," ಎಂದ. ನನ್ನ ಮುಖ ನೋಡದೆ ಜೋಳದ ಹೊಲ ನೋಡುತ್ತಿದ್ದ. "ಟ್ರ್ಯಾಕ್ಟರ್ ಆಳುಮಗ ತರ್ತಾನ, ಮನಿತನಕ ಇದನ್ನ ನಾ ಹೊಡೀತೇನಿ. ಅಪ್ಪ ನನಗ ಒಮ್ಮಿನೂ ಕೊಡಲಿಲ್ಲ. ಸಣ್ಣಾವಿದ್ದಾಗ ಕೇಳಿದ್ದೆ. 'ನೀ ಎತ್ತು ಹೊಡಿಯಾವ, ಎತ್ತು ಅಷ್ಟ ಹೊಡಿ' ಅಂದ. ಮತ್ತ ಕೇಳಲಿಲ್ಲ."

ನಾನು ಮುಂದಿನ ಸೀಟಿನಲ್ಲಿ ಕುಳಿತು ಹೋಗುತ್ತಿದ್ದ ದಿನಗಳಲ್ಲೆಲ್ಲ ಅವನು ಇದೇ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ. ಆ ಚಳಿಗಾಲವಿಡೀ ಯಾವ ಅಪ್ಪನಿಗಾಗಿ ಹಟ ಹಿಡಿದಿದ್ದೆನೋ ಆ ಅಪ್ಪನ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು.

ಕೀಲಿ ಕೊಟ್ಟೆ. ಅಣ್ಣ ಬಾಗಿಲು ತೆರೆದ, ಎರೆಮಣ್ಣು ಮೆತ್ತಿದ ಚಪ್ಪಲಿಗಳನ್ನು ಹೊರಗೆ ಬಿಟ್ಟು ಬರಿಗಾಲಲ್ಲಿ ಹತ್ತಿ ಕುಳಿತ. ನಾನು ಅವನ ಚಪ್ಪಲಿಗಳನ್ನು ಎತ್ತಿಕೊಂಡು ಹಿಂದೆ ಅವ್ವನ ಪಕ್ಕ ಕುಳಿತೆ. ಅವನು ಎರಡು ಸಲ ಗೇರು ಕರಕರ ಅನ್ನಿಸಿದ. ಮನೆ ಮುಟ್ಟುವವರೆಗೆ ನಾನು ಒಂದು ಮಾತೂ ಹೇಳಿಕೊಡಲಿಲ್ಲ.